ಆರನೇ ತರಗತಿಯಲ್ಲಿ ಒತ್ತಕ್ಷರದ ಮುಂದೆ ನಿಲ್ಲುವ ಮಕ್ಕಳು: ಇದನ್ನು ಇನ್ನೂ ಕೊರೊನಾ ಲೆಕ್ಕಕ್ಕೇ ಬರೆಯಬೇಕೆ?

ಪ್ರಶ್ನೆ: ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ, ಚಳ್ಳಕೆರೆ ತಾಲ್ಲೂಕು

2025-26ನೇ ಸಾಲಿನಲ್ಲಿ ಆರನೇ ತರಗತಿಯ ಕನ್ನಡ ನನ್ನ ಪಾಲಿಗೆ ಬಂದಿದೆ. ಇಪ್ಪತ್ತಾರು ಮಕ್ಕಳಿದ್ದಾರೆ. ಹಿಂದಿನ ತರಗತಿಗಳ ಕಲಿಕೆಯನ್ನು ನೆನಪಿಸಲು ವರ್ಷದ ಆರಂಭದಲ್ಲಿ ನಡೆಸುವ ಸೇತುಬಂಧದ ಪೂರ್ವ ಪರೀಕ್ಷೆಯ ಜೊತೆಗೆ, ಮೂರನೇ ತರಗತಿಯ ಪುಸ್ತಕದಿಂದ ಎಂಟು ಸಾಲನ್ನು ಆರಿಸಿಕೊಂಡು ಒಬ್ಬೊಬ್ಬರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿದೆ. ಹನ್ನೊಂದು ಮಕ್ಕಳು ತಡೆಯಿಲ್ಲದೆ ಓದಿದರು. ಉಳಿದವರಲ್ಲಿ ಹೆಚ್ಚಿನವರು ಸರಳ ಪದಗಳನ್ನು ದಾಟಿ ಬಂದು ಒತ್ತಕ್ಷರದ ಮುಂದೆ ನಿಂತುಬಿಡುತ್ತಾರೆ, ಇಲ್ಲವೇ ‘ಕಷ್ಟ’ ಎಂಬುದನ್ನು ‘ಕಷಟ’ ಎಂದು ಓದಿ ಮುಂದೆ ಹೋಗುತ್ತಾರೆ. ನಾಲ್ವರಿಗೆ ಕಾಗುಣಿತವೇ ಭದ್ರವಾಗಿಲ್ಲ. ವಿಚಿತ್ರವೆಂದರೆ ಈ ನಾಲ್ವರ ನೋಟ್‌ಪುಸ್ತಕಗಳು ತರಗತಿಯಲ್ಲೇ ಅಚ್ಚುಕಟ್ಟಾದವು. ಕಪ್ಪುಹಲಗೆಯ ಮೇಲಿರುವುದನ್ನು ಅವರು ಚಿತ್ರ ಬಿಡಿಸುವಂತೆ ದುಂಡಗೆ ಇಳಿಸಿಕೊಳ್ಳುತ್ತಾರೆ. ಪುಸ್ತಕ ತಿದ್ದುವ ನಮಗೆ ಇಷ್ಟು ವರ್ಷ ಅದು ಓದು ಎಂದೇ ಕಂಡಿರಬೇಕು.

ಸಹೋದ್ಯೋಗಿಗಳನ್ನು ಕೇಳಿದರೆ ‘ಅದು ಕೊರೊನಾ ಬ್ಯಾಚ್ ಅಲ್ಲವೇ’ ಎಂಬ ಒಂದೇ ಮಾತಿನಲ್ಲಿ ವಿಷಯ ಮುಗಿಯುತ್ತದೆ. ಇವರು 2020ರಲ್ಲಿ ಒಂದನೇ ತರಗತಿಗೆ ದಾಖಲಾದವರು ಎಂಬುದು ನಿಜ. ಆದರೆ ಶಾಲೆ ತೆರೆದ ಮೇಲೆ ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಇವರು ನಮ್ಮ ಕೋಣೆಗಳಲ್ಲೇ ಕುಳಿತಿದ್ದಾರಲ್ಲವೇ? ಆ ಉತ್ತರ ಕಾರಣವೋ, ನೆಪವೋ? ಕಾರಣವೇ ಆಗಿದ್ದರೆ, ಆರನೇ ತರಗತಿಯ ಪಾಠಗಳನ್ನು ಮುಗಿಸಬೇಕಾದ ನಾನು ಎಲ್ಲಿಂದ ಆರಂಭಿಸಲಿ?

ಉತ್ತರ 1: ನಿವೃತ್ತ ಶಿಕ್ಷಕ, ಎಚ್.ಡಿ. ಕೋಟೆ

ಮೇಡಂ, ಎರಡನೇ ಪ್ರಶ್ನೆಗೆ ಹೋಗುವ ಮುನ್ನ ಈ ಮಕ್ಕಳ ದಿನಗಳನ್ನು ಸ್ವಲ್ಪ ಎಣಿಸಿ ನೋಡೋಣ. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಆ ವರ್ಷ ಆಗಸ್ಟ್‌ನಲ್ಲಿ ವಿದ್ಯಾಗಮ ಆರಂಭವಾಗಿ, ನಾವು ದೇವಸ್ಥಾನದ ಜಗಲಿ, ಅರಳಿಕಟ್ಟೆ, ಸಮುದಾಯ ಭವನಗಳಲ್ಲಿ ಮಕ್ಕಳನ್ನು ಗುಂಪಾಗಿ ಕೂರಿಸಿಕೊಂಡು ಪಾಠ ಮಾಡಿದೆವು. ಸೋಂಕು ಹರಡುತ್ತಿದೆಯೆಂದು ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಲಾಯಿತು. 2021ರ ಜನವರಿ 1ರಿಂದ ಹತ್ತನೇ ತರಗತಿ ಮತ್ತು ದ್ವಿತೀಯ ಪಿಯುಸಿಯವರಿಗೆ ತರಗತಿಗಳು, ಆರರಿಂದ ಒಂಬತ್ತರವರಿಗೆ ಶಾಲೆಯ ಆವರಣದಲ್ಲಿ ವಿದ್ಯಾಗಮ ಆರಂಭವಾದವು. ಎರಡನೇ ಅಲೆ ಇಳಿದ ಮೇಲೆ ಆಗಸ್ಟ್ 23ಕ್ಕೆ ಒಂಬತ್ತರಿಂದ ಹನ್ನೆರಡು, ಸೆಪ್ಟೆಂಬರ್ 6ಕ್ಕೆ ಆರರಿಂದ ಎಂಟು ತೆರೆದವು. ಒಂದರಿಂದ ಐದನೇ ತರಗತಿಯವರಿಗೆ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ರಂದು. ಪರೀಕ್ಷೆ ಬರೆಯಬೇಕಾದ ದೊಡ್ಡವರು ಮೊದಲು, ಅಕ್ಷರವೇ ತಿಳಿಯದ ಚಿಕ್ಕವರು ಕೊನೆಗೆ. ಸೋಂಕಿನ ಭಯದ ದಿನಗಳಲ್ಲಿ ಅದಕ್ಕೊಂದು ತರ್ಕವಿತ್ತು, ಒಪ್ಪುತ್ತೇನೆ. ಕಲಿಕೆಯ ದೃಷ್ಟಿಯಿಂದ ಅದು ತಲೆಕೆಳಗಾದ ಕ್ರಮವೆಂದು ಅಂದೂ ಅನ್ನಿಸಿತ್ತು, ಇಂದೂ ಅನ್ನಿಸುತ್ತದೆ.

ಹೀಗಾಗಿ ನಿಮ್ಮ ಮಕ್ಕಳು ಒಂದನೇ ತರಗತಿಯ ಕೋಣೆಯನ್ನು ನೋಡಲೇ ಇಲ್ಲ. ನೇರವಾಗಿ ಎರಡನೇ ತರಗತಿಯ ನಡುವೆ ಬಂದು ಕುಳಿತರು. ಹೊರಗಿನವರಿಗೆ ಕಾಣದ ಇನ್ನೊಂದು ನಷ್ಟವೂ ಇದರಲ್ಲಿದೆ. 1995ರ ಸುಮಾರಿಗೆ ನಮ್ಮ ತಾಲ್ಲೂಕಿನಲ್ಲೇ ಆರಂಭವಾದ ನಲಿ-ಕಲಿ ಎಂಬ ಚಟುವಟಿಕೆಯ ಕಲಿಕಾ ಕ್ರಮದಲ್ಲಿ ಒಂದು, ಎರಡು, ಮೂರನೇ ತರಗತಿಯವರು ಒಂದೇ ಕೋಣೆಯಲ್ಲಿ ಕೂರುತ್ತಾರೆ. ‘ರ ಗ ಸ ದ ಅ’ದಿಂದ ಹೊರಟ ಮಗು ಕಲಿಕಾ ಏಣಿಯ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತುತ್ತದೆ, ಮತ್ತು ಹತ್ತುವುದು ಹೇಗೆಂಬುದನ್ನು ಬಹುಪಾಲು ಪಕ್ಕದ ತಟ್ಟೆಯಲ್ಲಿ (ನಲಿ-ಕಲಿಯ ಗುಂಪಿನಲ್ಲಿ) ಕುಳಿತ ದೊಡ್ಡ ಮಗುವನ್ನು ನೋಡಿಯೇ ತಿಳಿದುಕೊಳ್ಳುತ್ತದೆ. 2021ರ ಅಕ್ಟೋಬರ್‌ನಲ್ಲಿ ಆ ಕೋಣೆಯಲ್ಲಿದ್ದ ಒಂದು, ಎರಡನೇ ತರಗತಿಯವರಿಗೆ ಶಾಲೆಯೇ ಹೊಸದು. ಮೂರನೆಯವರು ಒಂದನೇ ತರಗತಿಯನ್ನು ಮುಗಿಸುವ ಹೊತ್ತಿಗೆ ಮನೆಗೆ ಹೋದವರು, ಕಲಿತದ್ದನ್ನೂ ಮರೆತು ಬಂದಿದ್ದರು. ನೋಡಿ ಕಲಿಯಲು ಮೇಲಿನ ಮಕ್ಕಳೇ ಇಲ್ಲದ ನಲಿ-ಕಲಿ ಅದು. ನನ್ನ ಮೂವತ್ತೊಂದು ವರ್ಷದ ಸೇವೆಯಲ್ಲಿ ಅಂಥ ಕೋಣೆಯನ್ನು ನೋಡಿರಲಿಲ್ಲ.

2022-23ನ್ನು ಕಲಿಕಾ ಚೇತರಿಕೆಯ ವರ್ಷವೆಂದು ಸರ್ಕಾರ ಘೋಷಿಸಿ, ಎರಡು ವಾರ ಮುಂಚಿತವಾಗಿ ಮೇ 16ಕ್ಕೇ ಶಾಲೆ ತೆರೆಯಿತು. ಯೋಚನೆ ಸರಿಯಾಗಿತ್ತು, ಕಲಿಕಾ ಹಾಳೆಗಳೂ ಚೆನ್ನಾಗಿದ್ದವು. ಆದರೆ ನಮ್ಮಲ್ಲಿ ಅದು ಹಾಳೆ ತುಂಬಿಸುವ ಕೆಲಸವಾಗಿ ಇಳಿಯಿತೆಂಬುದನ್ನು ನಾನೇ ಒಪ್ಪಿಕೊಳ್ಳಬೇಕು. ಮರುವರ್ಷ ಎಲ್ಲವೂ ಮಾಮೂಲು ಪುಸ್ತಕಕ್ಕೆ ಮರಳಿತು, ನಿಮ್ಮ ಮಕ್ಕಳು ನಲಿ-ಕಲಿಯಿಂದ ಹೊರಬಿದ್ದು ನಾಲ್ಕನೇ ತರಗತಿಗೆ ಬಂದರು. ನಾಲ್ಕರ ಪುಸ್ತಕ ಮಗುವಿಗೆ ಓದಲು ಬರುತ್ತದೆಂದು ನಂಬಿಕೊಂಡೇ ಆರಂಭವಾಗುತ್ತದೆ. ಅಲ್ಲಿಂದಾಚೆ ಯಾರೂ ಓದು ಕಲಿಸುವುದಿಲ್ಲ, ಓದಿದ್ದರ ಮೇಲೆ ಪ್ರಶ್ನೆ ಕೇಳುತ್ತಾರೆ. ನೀವು ಹೇಳಿದ ಆ ದುಂಡನೆಯ ನಕಲು ಹುಟ್ಟಿದ್ದು ಅಲ್ಲೇ ಇರಬೇಕು.

ಉತ್ತರ 2: ಪ್ರೌಢಶಾಲೆಯ ಗಣಿತ ಶಿಕ್ಷಕ

ಗುರುಗಳು ಹೇಳಿದ್ದರಲ್ಲಿ ಹೆಚ್ಚಿನದನ್ನು ಒಪ್ಪುತ್ತೇನಾದರೂ ಕೊರೊನಾಕ್ಕೆ ಸೇರಬೇಕಾದ ಪಾಲು ಎಷ್ಟೆಂದು ಸ್ವಲ್ಪ ಕಟ್ಟುನಿಟ್ಟಾಗಿ ನೋಡಬೇಕು. ಅಸರ್ ಸಮೀಕ್ಷೆಯವರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳಿಂದ ಓದಿಸುತ್ತಾರೆ. ಕರ್ನಾಟಕದಲ್ಲಿ ಎರಡನೇ ತರಗತಿಯ ಮಟ್ಟದ ಪಾಠವನ್ನು ಓದಬಲ್ಲ ಮೂರನೇ ತರಗತಿಯ ಮಕ್ಕಳು 2018ರಲ್ಲಿ ಶೇ. 19.2ರಷ್ಟಿದ್ದರು, 2022ರಲ್ಲಿ ಅದು ಶೇ. 8.6ಕ್ಕೆ ಕುಸಿಯಿತು. ಎರಡನೆಯ ಸಂಖ್ಯೆಯನ್ನು ಮಾತ್ರ ಹಿಡಿದು ನಾವು ಗಾಬರಿಯಾಗುತ್ತೇವೆ. ಮೊದಲನೆಯದನ್ನು ನೋಡಿ: ಯಾವ ಸೋಂಕೂ ಇಲ್ಲದ ಕಾಲದಲ್ಲೇ ಐವರಲ್ಲಿ ನಾಲ್ವರು ಓದಲಾರದವರಾಗಿದ್ದರು. ಮನೆ ಮೊದಲೇ ಸೋರುತ್ತಿತ್ತು, ಮಳೆ ಜೋರಾದಾಗ ನಮಗೆ ಗೊತ್ತಾಯಿತು.

ಇನ್ನೊಂದು ವಿಷಯವನ್ನು ಮೇಡಂ ಗಮನಿಸಬೇಕು. 2022-23ರಲ್ಲಿ ಮೂರನೇ ತರಗತಿಯಲ್ಲಿದ್ದವರು ಎಂದರೆ 2020ರಲ್ಲಿ ಶಾಲೆಗೆ ಸೇರಿದವರು, ಆ ಶೇ. 8.6 ನಿಮ್ಮ ಕೋಣೆಯಲ್ಲಿ ಈಗ ಕುಳಿತಿರುವ ತಲೆಮಾರೇ. ಇಡೀ ದೇಶದ ಲೆಕ್ಕದಲ್ಲಿ ಮೂರನೇ ತರಗತಿಯ ಓದು 2018ರಲ್ಲಿ ಶೇ. 27.3 ಇದ್ದದ್ದು 2022ರಲ್ಲಿ 20.5ಕ್ಕೆ ಇಳಿದು, 2024ರಲ್ಲಿ ಮತ್ತೆ 27.1ಕ್ಕೆ ಬಂದಾಗ ‘ಕಲಿಕೆ ಚೇತರಿಸಿಕೊಂಡಿತು’ ಎಂದು ಎಲ್ಲೆಡೆ ಬರೆದರು. ಆದರೆ 2024ರಲ್ಲಿ ಮೂರನೇ ತರಗತಿಯಲ್ಲಿದ್ದವರು 2022ರಲ್ಲಿ ಒಂದನೆಯದಕ್ಕೆ ಸೇರಿದ ಬೇರೆಯೇ ಮಕ್ಕಳು. ಚೇತರಿಸಿಕೊಂಡದ್ದು ಮೂರನೇ ತರಗತಿ ಎಂಬ ಕೋಣೆ. 2022ರಲ್ಲಿ ಆ ಕೋಣೆಯಲ್ಲಿದ್ದ ಮಕ್ಕಳು ಹಾಗೆಯೇ ಮುಂದಿನ ಕೋಣೆಗೆ ಹೋದರು. ವರದಿಗಳನ್ನು ಓದುವಾಗ ಈ ವ್ಯತ್ಯಾಸವನ್ನು ನಮ್ಮಲ್ಲಿ ಬಹಳ ಜನ ಗಮನಿಸುವುದೇ ಇಲ್ಲ.

ಫಲಿತಾಂಶಗಳು ಇದನ್ನು ಇನ್ನಷ್ಟು ಮುಚ್ಚಿಟ್ಟವು. 2021ರ ಜುಲೈ 19 ಮತ್ತು 22ರಂದು, ಎರಡೇ ದಿನದಲ್ಲಿ, ಬಹು ಆಯ್ಕೆಯ ಪ್ರಶ್ನೆಗಳಿಗೆ ಒಎಂಆರ್ ಹಾಳೆಯಲ್ಲಿ ಗುರುತು ಹಾಕಿಸಿ ಎಸ್‌ಎಸ್‌ಎಲ್‌ಸಿ ಮುಗಿಸಿದೆವು. ಹೆಚ್ಚುಕಡಿಮೆ ಎಲ್ಲರೂ ತೇರ್ಗಡೆಯಾದರು. ಆ ಪರಿಸ್ಥಿತಿಯಲ್ಲಿ ಬೇರೆ ದಾರಿ ಇರಲಿಲ್ಲವೆಂದೇ ನನ್ನ ಅಭಿಪ್ರಾಯ. 2024ರಲ್ಲಿ ಪರೀಕ್ಷಾ ಕೋಣೆಗಳಿಗೆ ಕ್ಯಾಮೆರಾ ಬಂದು ವೆಬ್‌ಕಾಸ್ಟಿಂಗ್ ಆದಾಗ, ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ ಕೃಪಾಂಕ ಹೆಚ್ಚಿಸಿದ ಮೇಲೂ 73.40ಕ್ಕೆ ಇಳಿಯಿತು. ಆ ಮಕ್ಕಳು ಏಳನೇ ತರಗತಿಯನ್ನು ಮೊಬೈಲಿನಲ್ಲಿ ಕಳೆದವರು ಎಂಬುದೂ ನಿಜ, ಕ್ಯಾಮೆರಾ ಇಲ್ಲದ ವರ್ಷಗಳ ಅಂಕಗಳನ್ನು ಪೂರ್ತಿ ನಂಬುವಂತಿರಲಿಲ್ಲ ಎಂಬುದೂ ನಿಜ. ಎರಡನ್ನೂ ಬೇರ್ಪಡಿಸಲು ನನಗೆ ಸಾಧ್ಯವಾಗಿಲ್ಲ.

ನಿಮ್ಮ ಪ್ರಶ್ನೆಗೆ ನನ್ನ ನೇರ ಉತ್ತರವೆಂದರೆ, 2020-21ರ ಮಟ್ಟಿಗೆ ಅದು ಕಾರಣ. 2023ರಿಂದೀಚೆಗೆ ಅದನ್ನೇ ಹೇಳಿದರೆ ನೆಪ.

ಉತ್ತರ 3: ಒಬ್ಬ ತಾಯಿ, ತುಮಕೂರು

ನಾನು ಶಿಕ್ಷಕಿಯಲ್ಲ, ನಿಮ್ಮ ತರಗತಿಯ ವಯಸ್ಸಿನ ಮಗನ ತಾಯಿ. ಒಂದನೇ ತರಗತಿಗೆ ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಗೆ ಸೇರಿಸಿದ್ದೆವು. ಮನೆಯವರ ಕೆಲಸ ಹೋಯಿತು. ಬೋಧನಾ ಶುಲ್ಕದ ಶೇ. 70ರಷ್ಟನ್ನು ಮಾತ್ರ ತೆಗೆದುಕೊಳ್ಳಬೇಕೆಂದು ಸರ್ಕಾರ 2021ರ ಜನವರಿಯಲ್ಲಿ ಹೇಳಿದಾಗ ಸ್ವಲ್ಪ ಉಸಿರು ಬಂದಿತ್ತು, ಆದರೆ ಅಷ್ಟನ್ನೂ ಕಟ್ಟಲಾಗದೆ ಮುಂದಿನ ವರ್ಷ ಸರ್ಕಾರಿ ಕನ್ನಡ ಶಾಲೆಗೆ ಹಾಕಿದೆವು. ಹಳೆಯ ಶಾಲೆಯವರು ವರ್ಗಾವಣೆ ಪತ್ರ ಕೊಡಲು ಎರಡು ತಿಂಗಳು ಅಲೆಸಿದರು. ಮನೆಯಲ್ಲಿದ್ದದ್ದು ಒಂದು ಮೊಬೈಲು, ಅದು ಒಂಬತ್ತನೇ ತರಗತಿಯ ಮಗಳಿಗೆ. ಚಿಕ್ಕವನ ಪಾಲಿಗೆ ಚಂದನ ವಾಹಿನಿಯ ಪಾಠ. ಟಿವಿಯಲ್ಲಿ ಪಾಠ ಮಾಡುವವರು ಎಷ್ಟೇ ಚೆನ್ನಾಗಿ ಹೇಳಿದರೂ ಮಗು ತಪ್ಪು ಓದಿದ್ದು ಅವರಿಗೆ ಕೇಳಿಸುವುದಿಲ್ಲ.

ಅವನಿಗೆ ಓದಲು ಬರುವುದಿಲ್ಲವೆಂದು ನನಗೆ ಗೊತ್ತಾದದ್ದು ನಾಲ್ಕನೇ ತರಗತಿಯಲ್ಲಿ. ಅಲ್ಲಿಯವರೆಗೆ ಪದ್ಯವನ್ನು ಬಾಯಿಪಾಠ ಮಾಡಿ, ಪುಸ್ತಕದ ಮೇಲೆ ಬೆರಳಾಡಿಸುತ್ತಾ ಓದಿದಂತೆ ಹೇಳುತ್ತಿದ್ದ. ಬೈದೆ, ಅದರಿಂದ ಇನ್ನಷ್ಟು ಮುಚ್ಚಿಟ್ಟ. ಕೊನೆಗೆ ದಾರಿ ತೋರಿಸಿದವರು ನಮ್ಮ ಅತ್ತೆ. ಅವರಿಗೆ ಓದು ಬರುವುದಿಲ್ಲ. ಮನೆಗೆ ಬಂದ ಲಗ್ನಪತ್ರಿಕೆಗಳನ್ನೆಲ್ಲ ಅವನಿಂದ ಓದಿಸಲು ಶುರು ಮಾಡಿದರು. ‘ಶ್ರೀಮತಿ’, ‘ಜ್ಯೇಷ್ಠ ಪುತ್ರ’, ‘ಮುಹೂರ್ತ’, ‘ಕಲ್ಯಾಣ ಮಂಟಪ’: ಲಗ್ನಪತ್ರಿಕೆಯಷ್ಟು ಒತ್ತಕ್ಷರ ಯಾವ ಪಾಠದಲ್ಲಿದೆ ಹೇಳಿ! ಹೆಣ್ಣು ಯಾರ ಮನೆಯವಳು, ಊಟ ಯಾವ ಛತ್ರದಲ್ಲಿ ಎಂದು ಅಜ್ಜಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು, ಅದಕ್ಕೇ ಅವನೂ ಬಿಡದೆ ಓದಿದ. ಒಂದು ಮದುವೆಯ ಕಾಲ ಕಳೆಯುವಷ್ಟರಲ್ಲಿ ತಡೆ ಬಹುಪಾಲು ಹೋಯಿತು.

ಪ್ರಶ್ನೆ ಕೇಳಿದವರ ಮರುಮಾತು

ಮೂವರಿಗೂ ವಂದನೆಗಳು. ಗುರುಗಳು ಹೇಳಿದ ಆ ಕೋಣೆಯ ಚಿತ್ರ ನನಗೆ ಹೊಳೆದಿರಲಿಲ್ಲ. ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು, ಮೊದಲ ಅವಧಿಯನ್ನು ಎರಡು ತಿಂಗಳ ಮಟ್ಟಿಗೆ ಓದಿಗೇ ಬಿಟ್ಟುಕೊಟ್ಟಿದ್ದೇನೆ. ಹನ್ನೊಂದು ಮಂದಿ ಓದಬಲ್ಲವರನ್ನು ಉಳಿದವರ ನಡುವೆ ಹಂಚಿ ಕೂರಿಸಿದ್ದೇನೆ, ಅಂದು ಸಿಗದೆ ಹೋದ ‘ಮೇಲಿನ ಮಕ್ಕಳು’ ಈಗಲಾದರೂ ಪಕ್ಕದಲ್ಲಿರಲಿ ಎಂದು. ಮೊದಲ ರೂಪಣಾತ್ಮಕ ಮೌಲ್ಯಮಾಪನದ ಅಂಕಗಳನ್ನು ನಮೂದಿಸುವ ದಿನ ಬಂದಾಗ ಪಾಠ ಎಷ್ಟಾಯಿತೆಂದು ಕೇಳುತ್ತಾರೆ, ಆಗ ಪೂರ್ವ ಪರೀಕ್ಷೆಯ ಪಟ್ಟಿಯನ್ನೇ ಮುಂದಿಡುತ್ತೇನೆ.

ಲಗ್ನಪತ್ರಿಕೆ ತನ್ನಿರೆಂದು ಹೇಳಿದ್ದಕ್ಕೆ ಮರುದಿನವೇ ಮೂವತ್ತಕ್ಕೂ ಹೆಚ್ಚು ಬಂದವು. ಆ ನಾಲ್ವರಲ್ಲಿ ಒಬ್ಬ ಹುಡುಗ ತನ್ನ ಅಕ್ಕನ ಪತ್ರಿಕೆಯನ್ನೇ ತಂದಿದ್ದ. ಅದರಲ್ಲಿ ಚಿಕ್ಕ ಅಕ್ಷರದಲ್ಲಿ ಅಚ್ಚಾಗಿದ್ದ ತನ್ನ ಹೆಸರನ್ನು ಹುಡುಕಲು ಅವನಿಗೆ ಇಡೀ ಅವಧಿ ಹಿಡಿಯಿತು, ಆದರೆ ತೋರಿಸಲು ಹೋದ ಗೆಳೆಯನನ್ನು ದೂರ ತಳ್ಳಿ ತಾನೇ ಹುಡುಕಿದ. ಇವನ ಮನೆಯವರು ಪ್ರತಿ ವರ್ಷ ನವೆಂಬರ್‌ನಲ್ಲಿ ಗುಳೆ ಹೋಗುತ್ತಾರೆ. ಅಷ್ಟರೊಳಗೆ ಕಾಗುಣಿತವನ್ನಾದರೂ ಭದ್ರಪಡಿಸಬಹುದೇ, ಅಲ್ಲಿಗೆ ಏನನ್ನು ಕೊಟ್ಟು ಕಳಿಸಬೇಕು ಎಂಬುದನ್ನು ಗುಳೆ ಹೋಗುವ ಊರುಗಳಲ್ಲಿ ಕೆಲಸ ಮಾಡಿದವರು ಯಾರಾದರೂ ತಿಳಿಸಬೇಕೆಂದು ಕೋರುತ್ತೇನೆ.