ಅತ್ತೆಯ ಕಲ್ಚರ್ ರಿಪೋರ್ಟಿನಲ್ಲಿ ಇಎಸ್‌ಬಿಎಲ್: ಹೊಳೆ ನೀರಿನಿಂದ ಬಂದಿರಬಹುದೇ?

ಕೂಡ್ಲಿ ಸೊಸೆ:
ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆಯವರಿಗೆ ಎಪ್ಪತ್ತು ದಾಟಿದೆ. ಮೂತ್ರಕ್ಕೆ ಹೋದರೆ ಉರಿ, ಸಂಜೆಯಾದರೆ ಚಳಿಜ್ವರ. ಮೆಡಿಕಲ್ ಶಾಪಿನಿಂದ ತಂದ ಮಾತ್ರೆಗೆ ಬಗ್ಗಲಿಲ್ಲ. ಶಿವಮೊಗ್ಗದಲ್ಲಿ ಮೂತ್ರದ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಿದರೆ ‘ಇ. ಕೋಲಿ, ಇಎಸ್‌ಬಿಎಲ್’ ಎಂದು ಬಂದಿದೆ, ಅಂದರೆ ಹಲವು ಆ್ಯಂಟಿಬಯೋಟಿಕ್‌ಗಳಿಗೆ ಬಗ್ಗದ ಬ್ಯಾಕ್ಟೀರಿಯಾವಂತೆ. ಔಷಧಗಳ ಹೆಸರಿನ ಮುಂದೆ ಸಾಲಾಗಿ ‘ಆರ್’, ಅಂದರೆ ಆ ಔಷಧ ನಾಟುವುದಿಲ್ಲ ಎಂದರ್ಥವಂತೆ. ಈಗ ಇಂಜೆಕ್ಷನ್ ನಡೆಯುತ್ತಿದೆ, ಜ್ವರ ಇಳಿದಿದೆ. ನಮ್ಮ ಮನೆ ಶಿವಮೊಗ್ಗದ ಕೆಳಗೆ ತುಂಗೆ-ಭದ್ರೆ ಸೇರುವ ಕೂಡ್ಲಿಯಲ್ಲಿ, ಹೊಳೆಗೆ ನಾಲ್ಕು ಹೆಜ್ಜೆ. ಅತ್ತೆಯವರಿಗೆ ನಿತ್ಯವೂ ಹೊಳೆಸ್ನಾನವೇ ಆಗಬೇಕು, ಒಂದು ಬೊಗಸೆ ನೀರು ಬಾಯಿಗೂ ಹೋಗುತ್ತದೆ. ಎಲ್ಲಕ್ಕೂ ಆ ನೀರೇ ಕಾರಣ ಎಂದು ನಾದಿನಿ ಹೇಳಿದ್ದಕ್ಕೆ, ‘ಗಂಗಾ ಸ್ನಾನ, ತುಂಗಾ ಪಾನ ಎಂದು ಹಿರಿಯರು ಸುಮ್ಮನೆ ಹೇಳಿದರೇ?’ ಎಂದು ಅತ್ತೆ ಮುನಿಸಿಕೊಂಡಿದ್ದಾರೆ. ನಿಜಕ್ಕೂ ಹೊಳೆಯಿಂದ ಬಂದಿರಬಹುದೇ? ಮನೆಯಲ್ಲಿ ಮಕ್ಕಳಿದ್ದಾರೆ, ಅವರಿಗೂ ಪರೀಕ್ಷೆ ಮಾಡಿಸಬೇಕೇ?

ಗಾಜನೂರಿನವನು:
ನಮ್ಮೂರ ಅಣೆಕಟ್ಟಿನಿಂದ ಮೇಲಿನ ತುಂಗೆಯೇ ಬೇರೆ, ಶಿವಮೊಗ್ಗ ದಾಟಿದ ತುಂಗೆಯೇ ಬೇರೆ. ಅಲ್ಲಿ ನಾನಾದರೆ ಕಾಲು ಕೂಡ ತೊಳೆಯುವುದಿಲ್ಲ.

ಲ್ಯಾಬ್ ರಾಯರು:
ಗಾಜನೂರಿನವರೇ, ನಿಮ್ಮ ಅಣೆಕಟ್ಟಿಗೆ ಬರುವ ನೀರೂ ಶೃಂಗೇರಿ, ತೀರ್ಥಹಳ್ಳಿಗಳನ್ನು ದಾಟಿಯೇ ಬರುವುದು. ಅಷ್ಟು ಬೀಗಬೇಡಿ.

ಕೂಡ್ಲಿಯ ತಂಗೀ, ಒಂದು ರಿಪೋರ್ಟ್ ನೋಡಿ ಇದು ಹೊಳೆಯಿಂದಲೇ ಬಂತು ಎನ್ನುವವನು ಜೋಯಿಸನಾಗಿರಬೇಕು. ನಾನು ಲ್ಯಾಬಿನಲ್ಲಿ ತಲೆ ಹಣ್ಣಾದವನು ಅಷ್ಟೇ. ಮೂತ್ರದ ಸೋಂಕು ತರುವ ಇ. ಕೋಲಿ ಸಾಮಾನ್ಯವಾಗಿ ಅವರವರ ಕರುಳಿನದೇ. ಕರುಳಿಗೆ ಅದು ನೀರಿನಿಂದ ಬಂತೋ, ಊಟದಿಂದಲೋ, ಆಸ್ಪತ್ರೆ ವಾಸದಿಂದಲೋ ಎನ್ನುವುದು ತಿಂಗಳುಗಟ್ಟಲೆ ಹಿಂದಿನ ಕತೆಯಾಗಿರಬಹುದು. ರೋಗವೇ ಇಲ್ಲದೆ ಇದನ್ನು ಹೊತ್ತು ತಿರುಗುವವರು ನಮ್ಮ ದೇಶದಲ್ಲಿ ಧಾರಾಳವಾಗಿದ್ದಾರೆ. ಹಾಗಾಗಿ ಆಟವಾಡಿಕೊಂಡಿರುವ ಮಕ್ಕಳಿಗೆ ಪರೀಕ್ಷೆ ಬೇಡ, ಔಷಧವಂತೂ ಬೇಡವೇ ಬೇಡ.

ಆ ‘ಆರ್’ ಎಲ್ಲಿಂದ ಬಂತೆಂದು ಹೇಳುತ್ತೇನೆ. ಅಗಾರ್ ಎಂಬ ಜೆಲ್ಲಿ ಹರಡಿದ ತಟ್ಟೆಯ ಮೇಲೆ ಬ್ಯಾಕ್ಟೀರಿಯಾವನ್ನು ತೆಳ್ಳಗೆ ಸವರಿ, ಔಷಧ ಹೀರಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಇಟ್ಟು, ರಾತ್ರಿಯಿಡೀ ಮೈಶಾಖದಲ್ಲಿ ಬಿಡುತ್ತೇವೆ. ಬೆಳಿಗ್ಗೆ ತಟ್ಟೆಯೆಲ್ಲ ಮಂಜು ಕವಿದ ಗಾಜಿನಂತೆ ಮಸುಕಾಗಿರುತ್ತದೆ. ಔಷಧ ನಾಟಿದ ಬಿಲ್ಲೆಯ ಸುತ್ತ ಮಾತ್ರ ತಿಳಿಯಾದ ವೃತ್ತ. ಇಎಸ್‌ಬಿಎಲ್ ಎಂದರೆ ಪೆನಿಸಿಲಿನ್, ಸೆಫಲೋಸ್ಪೊರಿನ್ ಜಾತಿಯ ಔಷಧಗಳನ್ನು ಕತ್ತರಿಸುವ ಕಿಣ್ವ; ಅದು ಇದ್ದರೆ ಸೆಫ್ಟ್ರಿಯಾಕ್ಸೋನ್ ಎಂಬ ಅಂಥ ಔಷಧದ ಬಿಲ್ಲೆಯ ಅಂಚಿನವರೆಗೂ ಬೆಳೆ ಬಂದು ನಿಂತಿರುತ್ತದೆ. ಆದರೆ ಪಕ್ಕದಲ್ಲಿ ಕ್ಲಾವುಲಾನಿಕ್ ಆಮ್ಲದ ಬಿಲ್ಲೆ ಇಟ್ಟಿದ್ದರೆ, ಎರಡರ ನಡುವೆ ಬೀಗದ ಕಿಂಡಿಯ ಆಕಾರದಲ್ಲಿ ತಿಳಿಯಾಗಿರುತ್ತದೆ. ಆ ಕಿಣ್ವವನ್ನು ಆಮ್ಲ ಕಟ್ಟಿಹಾಕಿದೆ ಎಂದು ಅರ್ಥ. ನಾನು ಕೆಲಸಕ್ಕೆ ಸೇರಿದಾಗ ಇಂಥ ತಟ್ಟೆ ಬಂದರೆ ಎಲ್ಲರನ್ನೂ ಕರೆದು ತೋರಿಸುತ್ತಿದ್ದೆವು. ಈಗ ಯಾರೂ ಕುರ್ಚಿಯಿಂದ ಏಳುವುದಿಲ್ಲ.

ಇನ್ನು ಹೊಳೆ. ನುಂಗಿದ ಆ್ಯಂಟಿಬಯೋಟಿಕ್ ಸಿಪ್ರೋಫ್ಲಾಕ್ಸಾಸಿನ್‌ನಲ್ಲಿ ಅರ್ಧದ ಹತ್ತಿರ ಹಾಗೆಯೇ ಮೂತ್ರದಲ್ಲಿ ಹೊರಹೋಗುತ್ತದೆ. ಅದರ ಜೊತೆಗೆ, ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾವೂ ಚರಂಡಿ ಸೇರುತ್ತದೆ. ಪ್ರತಿರೋಧದ ಜೀನ್‌ಗಳು ಹಲವು ಸಲ ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದ ಮೇಲಿರುತ್ತವೆ. ಒಂದು ಬ್ಯಾಕ್ಟೀರಿಯಾ ತನ್ನ ಕುಲವೇ ಅಲ್ಲದ ಇನ್ನೊಂದಕ್ಕೆ ಅದರ ಪ್ರತಿಯನ್ನು ದಾಟಿಸಬಲ್ಲದು. ಕೊಳಚೆ, ಕೆಸರು, ಕಲ್ಲಿನ ಮೇಲಿನ ಲೋಳೆ, ಇಂಥ ಕಡೆ ಈ ವ್ಯವಹಾರ ಜೋರು. 2011ರಲ್ಲಿ ಪ್ರಕಟವಾದ ದೆಹಲಿಯ ಅಧ್ಯಯನದಲ್ಲಿ, ನಿಂತ ನೀರಿನ 171 ಮಾದರಿಗಳ ಪೈಕಿ 51ರಲ್ಲಿ ಎನ್‌ಡಿಎಂ-1 ಜೀನ್ ಸಿಕ್ಕಿತ್ತು, ನಲ್ಲಿ ನೀರಿನ 50ರಲ್ಲಿ 2ರಲ್ಲೂ ಇತ್ತು. ನಿಮ್ಮ ಅತ್ತೆಗೆ ಕೊಡುತ್ತಿರುವುದು ಮೆರೋಪೆನೆಮ್ ಜಾತಿಯ ಇಂಜೆಕ್ಷನ್ ಆಗಿದ್ದರೆ, ಅದನ್ನೂ ನಿಷ್ಫಲ ಮಾಡುವ ಜೀನ್ ಅದು. ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ ಔಷಧ ಕಾರ್ಖಾನೆಗಳ ತ್ಯಾಜ್ಯ ನೀರನ್ನು ಶುದ್ಧೀಕರಿಸಿ ಬಿಟ್ಟ ಮೇಲೂ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೋಫ್ಲಾಕ್ಸಾಸಿನ್ ಇದ್ದದ್ದು 2007ರಲ್ಲಿ ಬಯಲಾಯಿತು. ಮಾತ್ರೆ ನುಂಗಿದ ರೋಗಿಯ ರಕ್ತದಲ್ಲೂ ಅಷ್ಟು ಇರುವುದಿಲ್ಲ. ತುಂಗೆಯನ್ನು ಅದಕ್ಕೆ ಹೋಲಿಸುವುದು ಅನ್ಯಾಯ. ನಮ್ಮದು ಊರಿನ ಶೌಚದ ನೀರಿನ ಸಮಸ್ಯೆ, ಕೂಡ್ಲಿ ಇರುವುದು ಊರಿನ ಕೆಳಗೆ.

ತೋಟದವ, ತೀರ್ಥಹಳ್ಳಿ:
ರಾಯರೇ, ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಅಡಿಕೆಯ ಕೊಳೆರೋಗಕ್ಕೆ ನಾವು ಹೊಡೆಯುವುದು ಬೋರ್ಡೋ, ಅಂದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಅದರಲ್ಲಿ ಆ್ಯಂಟಿಬಯೋಟಿಕ್ ಇಲ್ಲವಲ್ಲ? ತೋಟಕ್ಕೆ ಕೋಳಿ ಗೊಬ್ಬರವನ್ನೂ ತರಿಸುತ್ತೇವೆ.

ಲ್ಯಾಬ್ ರಾಯರು:
ಇಲ್ಲ. ಆದರೆ ಮೈಲುತುತ್ತದ ತಾಮ್ರ ಕೊಳೆತು ಹೋಗುವ ವಸ್ತುವಲ್ಲ, ಮಣ್ಣಿನಲ್ಲಿ ಕೂರುತ್ತದೆ. ತಾಮ್ರವನ್ನು ತಾಳಿಕೊಳ್ಳುವ ಜೀನೂ ಔಷಧವನ್ನು ತಾಳಿಕೊಳ್ಳುವ ಜೀನೂ ಒಂದೇ ಪ್ಲಾಸ್ಮಿಡ್ ಮೇಲೆ ಇರುವುದುಂಟು. ಆಗ ತಾಮ್ರಕ್ಕೆ ಹೆದರಿ ಒಂದನ್ನು ಇಟ್ಟುಕೊಂಡ ಬ್ಯಾಕ್ಟೀರಿಯಾ ಇನ್ನೊಂದನ್ನೂ ಇಟ್ಟುಕೊಳ್ಳುತ್ತದೆ. ಹಾಗೆಂದು ಔಷಧಿ ಹೊಡೆಯಬೇಡಿ ಎನ್ನಲು ನನಗೆ ಬಾಯಿಲ್ಲ, ನಮ್ಮ ಅಣ್ಣನ ತೋಟವೂ ಇದೆ. ಡ್ರಮ್ಮು, ಔಷಧಿ ಹೊಡೆಯುವ ಗಟಾರು ಪಂಪು ಹಳ್ಳದಲ್ಲಿ ತೊಳೆಯಬೇಡಿ, ಅಷ್ಟೇ. ನನಗೆ ಹೆಚ್ಚು ಚಿಂತೆ ಕೋಳಿ ಗೊಬ್ಬರದ್ದು. ಮನುಷ್ಯರಿಗೆ ಕೊನೆಯ ಅಸ್ತ್ರವಾದ ಕೊಲಿಸ್ಟಿನ್ ಅನ್ನು ಕೋಳಿಗೂ ಕೊಡುತ್ತಿದ್ದರು, ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿದ್ದು 2019ರಲ್ಲಿ. ಬೇರೆ ಆ್ಯಂಟಿಬಯೋಟಿಕ್‌ಗಳು ಇನ್ನೂ ನಡೆಯುತ್ತಿವೆ. ಹಸಿ ಗೊಬ್ಬರವನ್ನು ಮಳೆಗಾಲದ ಬಾಯಿಗೆ ಸುರಿಯಬೇಡಿ. ರಾಶಿ ಹಾಕಿ, ಒಳಗೆ ಕೈ ಇಡಲಾಗದಷ್ಟು ಕಾವು ಬಂದು ಕಳಿಯಲಿ. ಅಪಾಯ ಪೂರ್ತಿ ಹೋಗದಿದ್ದರೂ ಬಹಳ ಇಳಿಯುತ್ತದೆ.

ಕೂಡ್ಲಿ ಸೊಸೆ:
ರಾಯರಿಗೆ ಧನ್ಯವಾದಗಳು. ಅತ್ತೆಯವರಿಗೆ ಓದಿ ಹೇಳಿದೆ. ‘ತಾಮ್ರದ ತಂಬಿಗೆಯಲ್ಲಿ ಸಂಗಮದ ನೀರು ತಂದರೆ ಎಲ್ಲ ಶುದ್ಧವಾಗುತ್ತದೆ, ಅವರನ್ನೇ ಕೇಳು’ ಎಂದಿದ್ದಾರೆ.

ಲ್ಯಾಬ್ ರಾಯರು:
ಅವರ ಮಾತಿನಲ್ಲಿ ಅರ್ಧ ನಿಜವಿದೆ. ತಾಮ್ರದ ಪಾತ್ರೆಯಲ್ಲಿ ರಾತ್ರಿಯಿಡೀ ಇಟ್ಟ ನೀರಿನಲ್ಲಿ ಇ. ಕೋಲಿ ಸಾಯುವುದನ್ನು ಪ್ರಯೋಗಗಳು ತೋರಿಸಿವೆ. ಆದರೆ ಮೊಗೆದ ಕೂಡಲೇ ಕುಡಿದರೆ ತಾಮ್ರ ಕೆಲಸ ಮಾಡುವುದು ಯಾವಾಗ? ಮಳೆಗಾಲದ ಕೆಂಪು ನೀರಿಗಂತೂ ಅದನ್ನು ನಂಬಬೇಡಿ. ಯಾವ ಔಷಧಕ್ಕೂ ಬಗ್ಗದ ಬ್ಯಾಕ್ಟೀರಿಯಾ ಕೂಡ ಕುದಿಯುವ ನೀರಿನಲ್ಲಿ ಉಳಿದವುಗಳಂತೆಯೇ ಸಾಯುತ್ತದೆ. ಹಾಗಾಗಿ ಕುದಿಸಿ ಆರಿಸಿ, ಬೇಕಾದರೆ ಆಮೇಲೆ ತಂಬಿಗೆಗೆ ತುಂಬಿಸಿ. ಕುದಿಸಿದ್ದು ತೀರ್ಥವಲ್ಲ ಎಂದರೆ, ಹೊಳೆಯದನ್ನು ತಲೆಗೆ ಪ್ರೋಕ್ಷಿಸಿಕೊಳ್ಳಲಿ, ಬಾಯಿಗೆ ಬೇಡ. ಇಂಜೆಕ್ಷನ್ ಕೋರ್ಸ್ ಮುಗಿಯುವವರೆಗೆ ಸ್ನಾನವೂ ಬಚ್ಚಲಿನ ಹಂಡೆ ನೀರಿನಲ್ಲೇ ಆಗಲಿ. ಇನ್ನೊಮ್ಮೆ ಉರಿ ಶುರುವಾದರೆ, ಮಾತ್ರೆ ನುಂಗುವ ಮೊದಲೇ ಕಲ್ಚರ್‌ಗೆ ಮೂತ್ರ ಕೊಡಿಸಿ.