2012ರ ಲಾರಾ ಆರ್‌ಎಸ್: ಐಡಿವಿ ಎಷ್ಟಕ್ಕೆ ಬರೆಸೋದು, ಫುಲ್ ಇನ್ಶೂರೆನ್ಸ್ ಬೇಕಾ?

ಹಳೇಟರ್ಬೊ ಕೇಳಿದ್ದು:

ಸ್ಕೋಡಾ ಲಾರಾ ಆರ್‌ಎಸ್, 2012ರ ಗಾಡಿ, 1.8 ಟಿಎಸ್‌ಐ, ಆರು ಗೇರಿನ ಮ್ಯಾನ್ಯುಯಲ್. ಬೆಂಗಳೂರು ನೋಂದಣಿ, ಲಕ್ಷ ಕಿ.ಮೀ. ದಾಟಿದೆ, ಎನ್‌ಸಿಬಿ (ಕ್ಲೈಮ್ ಮಾಡದ ವರ್ಷಗಳಿಗೆ ಸಿಗೋ ರಿಯಾಯಿತಿ) 50% ಇದೆ. ಮುಂದಿನ ತಿಂಗಳು ಪಾಲಿಸಿ ಮುಗಿಯುತ್ತೆ. ಆನ್‌ಲೈನಲ್ಲಿ ಎಲ್ಲಿ ನೋಡಿದರೂ ಐಡಿವಿ (ವಿಮೆಗಾಗಿ ಗಾಡಿಗೆ ಕಟ್ಟೋ ಬೆಲೆ) 2.35 ಲಕ್ಷಕ್ಕಿಂತ ಮೇಲೆ ಹೋಗೋಕೆ ಬಿಡ್ತಿಲ್ಲ. ಒಳ್ಳೆ ಕಂಡೀಷನ್ನಿನ ಆರ್‌ಎಸ್‌ಗೆ ಮಾರೋರು ಕೇಳೋದು ಹೆಚ್ಚುಕಮ್ಮಿ ಇದರ ಎರಡರಷ್ಟು. ಝೀರೋ ಡೆಪ್ (ಭಾಗಗಳ ಸವಕಳಿ ಕಡಿಯದೆ ಹಣ ಕೊಡೋ ಕವರ್) ಯಾರೂ ಕೊಡ್ತಿಲ್ಲ.

ಐಡಿವಿ ಏರಿಸೋಕೆ ದಾರಿ ಇದೆಯಾ? ಅಥವಾ ಬರೀ ಥರ್ಡ್ ಪಾರ್ಟಿ ಮಾಡಿಸಿ, ಉಳಿದ ದುಡ್ಡನ್ನ ಟೈಮಿಂಗ್ ಚೈನ್ ಕೆಲಸಕ್ಕೆ ಹಾಕೋದು ವಾಸಿನಾ? ಸ್ಟೇಜ್ 1 ರೀಮ್ಯಾಪ್ (ಎಂಜಿನ್ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಏರಿಸೋದು) ಮಾಡಿಸೋ ಯೋಚನೆಯೂ ಇದೆ. ಅದನ್ನ ಕಂಪನಿಗೆ ಹೇಳಬೇಕಾ?

---

ಪಾಲಿಸಿಪುಟ:

ಮೊದಲು ಐಡಿವಿ. ಸವಕಳಿ ಪಟ್ಟಿ ಇರುವುದು ಐದು ವರ್ಷದವರೆಗೆ ಮಾತ್ರ: ಆರು ತಿಂಗಳೊಳಗೆ 5%, ವರ್ಷದೊಳಗೆ 15%, ಆಮೇಲೆ 20, 30, 40, 50. ಐದು ವರ್ಷ ದಾಟಿದ ಗಾಡಿಗೂ, ತಯಾರಿಕೆ ನಿಂತುಹೋದ ಮಾಡೆಲ್‌ಗೂ ಐಡಿವಿ ಅಂದರೆ ಕಂಪನಿಯೂ ಮಾಲೀಕರೂ ಮಾತಾಡಿ ಒಪ್ಪಿಕೊಂಡ ಮೊತ್ತ. ನಿಮ್ಮ ಕಾರು ಎರಡೂ ಲೆಕ್ಕಕ್ಕೆ ಬರುತ್ತೆ. ವೆಬ್‌ಸೈಟಿನ 2.35 ಲಕ್ಷ ಕಾನೂನಿನ ಮಿತಿಯಲ್ಲ, ಅವರ ಸಾಫ್ಟ್‌ವೇರಿನ ಮಿತಿ.

ಹಾಗಾಗಿ ಆನ್‌ಲೈನ್ ಬಿಟ್ಟು ಶಾಖೆಗೆ ಹೋಗಿ. ಏಜೆಂಟ್ ಹತ್ತಿರ ಅಲ್ಲ, ಅಂಡರ್‌ರೈಟಿಂಗ್ (ಯಾವ ಮೊತ್ತಕ್ಕೆ ವಿಮೆ ಕೊಡಬೇಕು ಅನ್ನುವ ತೀರ್ಮಾನ) ನೋಡಿಕೊಳ್ಳುವವರ ಹತ್ತಿರ. ಜೊತೆಗೆ ಒಯ್ಯಬೇಕಾದ್ದು: ಕಳೆದ ಎರಡು ಮೂರು ವರ್ಷದ ಸರ್ವಿಸ್ ಬಿಲ್, ಇದೇ ಮಾಡೆಲ್ ಮತ್ತು ವರ್ಷದ ಮೂರ್ನಾಲ್ಕು ಮಾರಾಟದ ಜಾಹೀರಾತುಗಳ ಪ್ರಿಂಟ್ (ತಾರೀಕು ಕಾಣಬೇಕು), ಲೈಸೆನ್ಸ್ ಇರುವ ಸರ್ವೇಯರ್ ಕೈಲಿ ಮಾಡಿಸಿದ ಮೌಲ್ಯಮಾಪನ ವರದಿ. ಗಾಡಿ ತಪಾಸಣೆಗೆ ನೀವೇ ಕೇಳಿಕೊಳ್ಳಿ. ಪಾಲಿಸಿ ಮುಗಿಯಲು ಮೂರು ವಾರ ಇರುವಾಗಲೇ ಶುರು ಮಾಡಿ. ಕೊನೇ ದಿನ ಹೋದರೆ ಸಿಸ್ಟಮ್ ತೋರಿಸಿದ ಮೊತ್ತಕ್ಕೇ ಸಹಿ ಹಾಕಿ ಬರುತ್ತೀರಿ.

ಇನ್ನೊಂದು, ಬಹಳ ಜನ ನೋಡದೇ ಬಿಡುವುದು: ಹಳೆ ಪಾಲಿಸಿಯಲ್ಲಿ ವೇರಿಯಂಟ್ ಏನಂತ ಇದೆ? ಪೋರ್ಟಲ್ ಪಟ್ಟಿಯಲ್ಲಿ ಆರ್‌ಎಸ್ ಇಲ್ಲದಿದ್ದರೆ ಸಾದಾ 1.8 ಟಿಎಸ್‌ಐ ಅಂತಲೇ ಆರಿಸಿಬಿಟ್ಟಿರುತ್ತಾರೆ. ಆಮೇಲೆ ಆರ್‌ಎಸ್ ಬಂಪರ್, ಆರ್‌ಎಸ್ ಸೀಟು ಬದಲಿಸುವಾಗ ‘ಇದು ಈ ಗಾಡಿಯ ಭಾಗವೇ ಅಲ್ಲ’ ಎಂಬ ತಕರಾರು. ಎಂಡಾರ್ಸ್‌ಮೆಂಟ್ (ಪಾಲಿಸಿಯ ತಿದ್ದುಪಡಿ ಪತ್ರ) ಹಾಕಿಸಿ ಈಗಲೇ ತಿದ್ದಿಸಿ.

ಐಡಿವಿ ಏರಿಸಿದರೆ ಪ್ರೀಮಿಯಂ ಎಷ್ಟು ಏರುತ್ತೆ? ಹಳೆ ಟ್ಯಾರಿಫ್‌ನಲ್ಲಿ ಬೆಂಗಳೂರಿನ, ಹತ್ತು ವರ್ಷ ದಾಟಿದ, 1500 ಸಿಸಿ ಮೇಲಿನ ಕಾರಿನ ಓನ್ ಡ್ಯಾಮೇಜ್ (ಸ್ವಂತ ಗಾಡಿಯ ಹಾನಿ) ದರ ಸುಮಾರು 3.7%. ಒಂದು ಲಕ್ಷ ಐಡಿವಿಗೆ 3,700. ನಿಮ್ಮ ಎನ್‌ಸಿಬಿ ಕಳೆದರೆ 1,850. ಜಿಎಸ್‌ಟಿ ಸೇರಿ ಸುಮಾರು 2,200 ರೂಪಾಯಿ. ಕಂಪನಿ ರಿಯಾಯಿತಿ ಕೊಟ್ಟರೆ ಇನ್ನೂ ಕಡಿಮೆ. ಇಷ್ಟು ಉಳಿಸೋಕೆ ಐಡಿವಿ ಇಳಿಸುವುದು ದಡ್ಡತನ.

ಯಾಕೆ ಅಂತ ಒಂದು ಲೆಕ್ಕ ನೋಡಿ. ಮುಂಭಾಗ ಗುದ್ದಿದೆ ಅಂದುಕೊಳ್ಳಿ: ಬಂಪರ್, ಒಂದು ಹೆಡ್‌ಲ್ಯಾಂಪ್, ಬಾನೆಟ್, ರೇಡಿಯೇಟರ್, ಕಂಡೆನ್ಸರ್, ಇಂಟರ್‌ಕೂಲರ್. ಭಾಗಗಳು 1,60,000, ಕೂಲಿ 30,000, ಪೇಂಟ್ 24,000. ಒಟ್ಟು 2,14,000.

ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿ, ಏರ್‌ಬ್ಯಾಗ್‌ಗೆ ಯಾವ ವಯಸ್ಸಿನಲ್ಲೂ 50% ಕಡಿತ. ಹತ್ತು ವರ್ಷ ದಾಟಿದ ಮೇಲೆ ಲೋಹಕ್ಕೂ 50%. ಅಂದರೆ ನಿಮ್ಮ ಕಾರಲ್ಲಿ ಬಾನೆಟ್ಟಿಗೂ ಬಂಪರಿಗೂ ವ್ಯತ್ಯಾಸವೇ ಇಲ್ಲ, ಗಾಜೊಂದಕ್ಕೆ ಮಾತ್ರ ಪೂರ್ತಿ ಹಣ. ಭಾಗಗಳಲ್ಲಿ 80,000 ಬರುತ್ತೆ. ಕೂಲಿಗೆ ಸವಕಳಿ ಇಲ್ಲ, 30,000 ಪೂರ್ತಿ. ಪೇಂಟ್ ಬಿಲ್ಲಿನಲ್ಲಿ ಕಾಲು ಭಾಗವನ್ನು ಸಾಮಗ್ರಿ ಅಂತ ಹಿಡಿದು ಅದರರ್ಧ ಕಡಿಯುತ್ತಾರೆ, 21,000 ಸಿಗುತ್ತೆ. 1500 ಸಿಸಿ ಮೇಲಾದ್ದರಿಂದ ಕಡ್ಡಾಯ ಕಡಿತ 2,000. ಕಂಪನಿ ಕೊಡುವುದು 1,29,000, ನಿಮ್ಮ ಕೈಯಿಂದ 85,000.

ಈಗ ಅಸಲು ತೊಂದರೆ. ರಿಪೇರಿ ಖರ್ಚು ಐಡಿವಿಯ 75% ದಾಟಿದರೆ ಗಾಡಿ ಟೋಟಲ್ ಲಾಸ್. 2.35 ಲಕ್ಷದ 75% ಅಂದರೆ 1,76,250. ನಿಮ್ಮ ಬಿಲ್ 2,14,000. ಚಾಸಿ ನೆಟ್ಟಗಿದೆ, ಎಂಜಿನ್ ಸರಿಯಾಗಿದೆ, ಆದರೂ ಕಾಗದದ ಮೇಲೆ ಕಾರು ಗುಜರಿ.

---

ಸರ್ವೇಶೀಟ್:

ಮೇಲಿನ ಲೆಕ್ಕಕ್ಕೆ ಒಂದು ತಿದ್ದುಪಡಿ, ಇದರ ಮೇಲೇ ಕಾರು ಉಳಿಯೋದು ಹೋಗೋದು ನಿಂತಿದೆ. ಪಾಲಿಸಿಯ ಒಕ್ಕಣೆಯಲ್ಲಿ ರಿಪೇರಿ ಖರ್ಚನ್ನು ‘ಪಾಲಿಸಿಯ ನಿಯಮ, ಷರತ್ತುಗಳಿಗೆ ಒಳಪಟ್ಟು’ ಲೆಕ್ಕ ಹಾಕಬೇಕು ಅಂತಿದೆ. ಆ ಷರತ್ತಲ್ಲಿ ಸವಕಳಿಯೂ ಸೇರುತ್ತೆ. ಹಾಗಾಗಿ 75%ಕ್ಕೆ ಹೋಲಿಸಬೇಕಾದ್ದು ಗ್ಯಾರೇಜಿನ 2,14,000 ಅಲ್ಲ, ಸವಕಳಿ ಕಳೆದ 1.3 ಲಕ್ಷದ ಆಸುಪಾಸಿನ ಮೊತ್ತ. ಅದು 1,76,250ರ ಒಳಗೇ ಇದೆ, ಗಾಡಿ ರಿಪೇರಿಯಾಗಬಹುದು.

ಆದರೆ ಎಸ್ಟಿಮೇಟ್ ನೋಡಿದ ತಕ್ಷಣ ‘ಟೋಟಲ್ ಲಾಸ್’ ಅಂತ ಫೋನಲ್ಲಿ ಹೇಳಿಬಿಡುವುದು ಮಾಮೂಲು. ಆಗ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಡಿ. ಸರ್ವೇಯರ್‌ನ ಅಸೆಸ್‌ಮೆಂಟ್ ಶೀಟ್ ಇಮೇಲಲ್ಲಿ ಕೇಳಿ. ಅದರಲ್ಲಿ ಪ್ರತಿ ಭಾಗದ ಮುಂದೆ ಎಸ್ಟಿಮೇಟ್, ಸವಕಳಿ, ಒಪ್ಪಿದ ಮೊತ್ತ ಬೇರೆ ಬೇರೆ ಕಾಲಮ್ಮಿನಲ್ಲಿರುತ್ತೆ. ಒಪ್ಪಿದ ಮೊತ್ತದ ಕಾಲಮ್ಮಿನ ಒಟ್ಟನ್ನು 75%ಕ್ಕೆ ಹೋಲಿಸಿ ಅಂತ ಬರಹದಲ್ಲೇ ಪಾಲಿಸಿಯ ಸಾಲನ್ನು ಎತ್ತಿ ಬರೆಯಿರಿ. ಏರ್‌ಬ್ಯಾಗ್ ಹಾರಿದ್ದರೆ ಮಾತ್ರ ಈ ವಾದ ಕಷ್ಟ. ಎರಡು ಬ್ಯಾಗು, ಬೆಲ್ಟ್ ಪ್ರಿಟೆನ್ಷನರ್, ಮಾಡ್ಯೂಲ್, ಡ್ಯಾಶ್‌ಬೋರ್ಡ್ ಸೇರಿದರೆ ಈ ವಯಸ್ಸಿನ ಗಾಡಿಯಲ್ಲಿ ಅರ್ಧ ಕಡಿದ ಮೇಲೂ ಮಿತಿ ದಾಟುತ್ತೆ. ಐಡಿವಿ 4 ಲಕ್ಷ ಇದ್ದರೆ ಮಿತಿ 3 ಲಕ್ಷ, ಉಸಿರಾಡೋಕೆ ಜಾಗ ಇರುತ್ತೆ.

ನಿಜಕ್ಕೂ ಮಿತಿ ದಾಟಿದರೆ ‘ನೆಟ್ ಆಫ್ ಸಾಲ್ವೇಜ್’ ಕೇಳಿ. ಗುಜರಿ ಬೆಲೆ ಕಳೆದು ಹಣ ಕೊಡ್ತಾರೆ, ಗಾಡಿ ನಿಮ್ಮ ಹತ್ತಿರವೇ ಉಳಿಯುತ್ತೆ. ಆರ್‌ಸಿ ರದ್ದು ಮಾಡಿಸಬೇಕಾ ಅನ್ನೋದನ್ನ ಹಣ ತಗೊಳ್ಳೋ ಮುಂಚೆ ಬರಹದಲ್ಲಿ ಕೇಳಿಕೊಳ್ಳಿ. ರದ್ದಾದ ಮೇಲೆ ಎಷ್ಟು ಚೆನ್ನಾಗಿ ರಿಪೇರಿ ಮಾಡಿಸಿದರೂ ರಸ್ತೆಗಿಳಿಸೋ ಹಾಗಿಲ್ಲ.

ಜಗಳ ಬಿದ್ದರೆ: ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರಹದಲ್ಲಿ ದೂರು, ವಿಮಾ ನಿಯಂತ್ರಕರ ದೂರು ಪೋರ್ಟಲ್ ಬಿಮಾ ಭರೋಸಾದಲ್ಲೂ ದಾಖಲಿಸಬಹುದು. ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಒಪ್ಪಿಗೆ ಇಲ್ಲದಿದ್ದರೆ ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್. ಬೆಂಗಳೂರಲ್ಲೇ ಕಚೇರಿ ಇದೆ, ಶುಲ್ಕ ಇಲ್ಲ, ವಕೀಲರೂ ಬೇಡ.

---

ಚೈನ್‌ಸ್ಪ್ರಾಕೆಟ್:

ವಿಮೆ ವಿಷಯ ಅವರು ಹೇಳಿದ್ದಾರೆ. ಎಂಜಿನ್ ಬಗ್ಗೆ: ಯಾವ ಪಾಲಿಸಿಯೂ ಸವೆತಕ್ಕೆ, ಮೆಕ್ಯಾನಿಕಲ್ ಬ್ರೇಕ್‌ಡೌನ್‌ಗೆ ದುಡ್ಡು ಕೊಡಲ್ಲ. ಚೈನ್ ಹಾರಿ ವಾಲ್ವ್ ಬಾಗಿದರೆ ಪೂರ್ತಿ ನಿಮ್ಮದೇ. ಹಾಗಾಗಿ ‘ಇನ್ಶೂರೆನ್ಸಾ ಚೈನಾ’ ಅನ್ನೋ ಪ್ರಶ್ನೆಯೇ ಬರಲ್ಲ, ಎರಡೂ ಬೇಕು.

ಈ ಇಎ888 (ನಿಮ್ಮ 1.8 ಟಿಎಸ್‌ಐನ ಕೋಡ್ ಹೆಸರು) ಎರಡನೇ ತಲೆಮಾರಿನ ಎಂಜಿನ್ನಲ್ಲಿ ಸಾಯೋದು ಚೈನಲ್ಲ, ಅದನ್ನ ಬಿಗಿಯಾಗಿಡೋ ಟೆನ್ಷನರ್. ಆಯಿಲ್ ಪ್ರೆಷರ್‌ನಿಂದ ಪ್ಲಂಜರ್ ಹೊರಗೆ ತಳ್ಳಿಕೊಂಡಿರುತ್ತೆ. ಎಂಜಿನ್ ನಿಂತಾಗ ಅದು ಹಿಂದೆ ಸರೀದಂತೆ ಹಿಡಿಯೋದು ಒಂದು ಸಣ್ಣ ಕ್ಲಿಪ್ಪಿನ ಹಲ್ಲು. ಹಳೆ ಡಿಸೈನಲ್ಲಿ ಆ ಕ್ಲಿಪ್ ಸೋಲುತ್ತೆ. ರಾತ್ರಿಯೆಲ್ಲ ನಿಂತ ಗಾಡಿಗೆ ಬೆಳಿಗ್ಗೆ ಸೆಲ್ಫ್ ಹೊಡೆದಾಗ ಎರಡು ಮೂರು ಸೆಕೆಂಡ್ ಬಲಗಡೆಯಿಂದ ಕರಕರ ಅಂದರೆ ಅದು ಎಚ್ಚರಿಕೆ. ಇಳಿಜಾರಲ್ಲಿ ಹ್ಯಾಂಡ್‌ಬ್ರೇಕ್ ಹಾಕದೆ ಬರೀ ಗೇರಲ್ಲಿ ನಿಲ್ಲಿಸಿ, ಗಾಡಿ ಸ್ವಲ್ಪ ಜಗ್ಗಿ ಎಂಜಿನ್ ಉಲ್ಟಾ ತಿರುಗಿದರೂ ಚೈನ್ ಸಡಿಲ ಬಿದ್ದು ಹಲ್ಲು ಹಾರುತ್ತೆ. ಆಗುಂಬೆ, ಚಾರ್ಮಾಡಿ ಕಡೆ ಹೋಗೋರು ಮೊದಲು ನ್ಯೂಟ್ರಲ್‌ನಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಕಾಲಿನ ಬ್ರೇಕ್ ಬಿಟ್ಟು ಭಾರ ಹ್ಯಾಂಡ್‌ಬ್ರೇಕ್ ಮೇಲೆ ಕೂತ ಮೇಲೆ ಗೇರ್ ಹಾಕಿ.

ಪರೀಕ್ಷೆ ಸುಲಭ. ಕೆಳಗಿನ ಟೈಮಿಂಗ್ ಕವರಲ್ಲಿ ರಬ್ಬರ್ ಪ್ಲಗ್ ಇದೆ, ಅದನ್ನ ತೆಗೆದು ಟಾರ್ಚ್ ಬಿಟ್ಟರೆ ಟೆನ್ಷನರ್ ಹಳೇದೋ ಹೊಸದೋ ಕಾಣುತ್ತೆ. ಪಾರ್ಟ್ ನಂಬರ್ 06ಕೆ ಅಂತ ಶುರುವಾಗೋದು ತಿದ್ದಿದ ಡಿಸೈನ್. ಚೈನ್ ಹಿಗ್ಗಿದೆಯಾ ಅನ್ನೋಕೆ ವಿಸಿಡಿಎಸ್ (ಗಾಡಿಯ ಕಂಪ್ಯೂಟರ್ ಓದೋ ಸ್ಕ್ಯಾನರ್) ಹಾಕಿ ಮೆಷರಿಂಗ್ ಬ್ಲಾಕ್ 93 ನೋಡಿ. ಸೊನ್ನೆ ಹತ್ತಿರ ಇದ್ದರೆ ಆರಾಮ, ಮೈನಸ್ 4 ಡಿಗ್ರಿ ಸುತ್ತ ಬಂದಿದ್ದರೆ ಬದಲಿಸೋ ಹೊತ್ತಾಯ್ತು.

ಬದಲಿಸೋದಾದರೆ ಟೆನ್ಷನರ್ ಒಂದೇ ಅಲ್ಲ: ಚೈನ್, ಮೂರೂ ಗೈಡ್, ಕವರಿನ ಸೀಲ್, ಹೊಸ ಕ್ರ್ಯಾಂಕ್ ಬೋಲ್ಟ್. ಆ ಬೋಲ್ಟ್ ಹಿಗ್ಗೋ ಜಾತಿ, ಮತ್ತೆ ಹಾಕಬಾರದು. ಗ್ಯಾರೇಜಿನವರನ್ನ ಒಂದೇ ಪ್ರಶ್ನೆ ಕೇಳಿ: ಪುಲ್ಲಿ ಬಿಚ್ಚಿದ ಮೇಲೆ ಕ್ರ್ಯಾಂಕ್ ಸ್ಪ್ರಾಕೆಟ್ ಹಿಡಿಯೋ ಟೂಲ್ ಇದೆಯಾ? ಈ ಎಂಜಿನ್ನಲ್ಲಿ ಸ್ಪ್ರಾಕೆಟ್ ಕ್ರ್ಯಾಂಕ್‌ಗೆ ಮುಖದ ಹಲ್ಲಿನಿಂದ ಕೂತಿರುತ್ತೆ, ಅದನ್ನ ಬಿಗಿಯಾಗಿ ಹಿಡಿಯೋದು ಅದೇ ಬೋಲ್ಟ್. ಟೂಲ್ ಇಲ್ಲದೆ ಬಿಚ್ಚಿದರೆ ಸ್ಪ್ರಾಕೆಟ್ ಜಾರಿ ಟೈಮಿಂಗೇ ಹೋಗುತ್ತೆ. ‘ಏನೂ ಬೇಡ ಸಾರ್, ಮಾರ್ಕ್ ಮಾಡಿ ಬಿಚ್ತೀವಿ’ ಅಂದರೆ ಬೇರೆ ಗ್ಯಾರೇಜ್ ನೋಡಿಕೊಳ್ಳಿ.

ಇಂಟೇಕ್ ಮ್ಯಾನಿಫೋಲ್ಡ್ ಬಿಚ್ಚಿಸೋ ದಿನ ಎರಡು ಕೆಲಸ ಒಟ್ಟಿಗೆ ಮುಗಿಸಿ. ವಾಲ್ವ್ ಹಿಂದೆ ಕಟ್ಟಿದ ಕಾರ್ಬನ್ ತೆಗೆಸೋದು: ಡೈರೆಕ್ಟ್ ಇಂಜೆಕ್ಷನ್, ಪೆಟ್ರೋಲ್ ವಾಲ್ವ್ ಮೇಲೆ ಬೀಳೋದೇ ಇಲ್ಲ, ಆದ್ದರಿಂದ ಯಾವ ಅಡಿಟಿವ್ ಸುರಿದರೂ ಅಲ್ಲಿಗೆ ಮುಟ್ಟಲ್ಲ, ವಾಲ್ನಟ್ ಬ್ಲಾಸ್ಟಿಂಗೇ (ಅಕ್ರೋಟಿನ ಚಿಪ್ಪಿನ ಪುಡಿ ಊದಿ ಉಜ್ಜೋದು) ಗತಿ. ಇನ್ನೊಂದು ವಾಟರ್ ಪಂಪ್. ಥರ್ಮೋಸ್ಟಾಟ್ ಮನೆ ಸಮೇತ ಪ್ಲಾಸ್ಟಿಕ್, ಮ್ಯಾನಿಫೋಲ್ಡ್ ಕೆಳಗೆ ಸೋರುತ್ತೆ. ಕೂಲಂಟ್ ಕಡಿಮೆಯಾಗ್ತಿದ್ದು ನೆಲದ ಮೇಲೆ ಹನಿ ಇಲ್ಲ ಅಂದರೆ ಅಲ್ಲೇ ನೋಡಿ, ಗುಲಾಬಿ ಬಣ್ಣದ ಹಕ್ಕಳೆ ಕಟ್ಟಿರುತ್ತೆ. ಬ್ಯಾಲೆನ್ಸ್ ಶಾಫ್ಟಿಂದ ಪಂಪನ್ನ ತಿರುಗಿಸೋ ಸಣ್ಣ ಬೆಲ್ಟಿನ ಬೋಲ್ಟ್ ಎಡ ಮರೆಯದು (ಬಿಚ್ಚೋದು ಉಲ್ಟಾ ದಿಕ್ಕಿಗೆ). ಬಲ ಮರೆ ಅಂದ್ಕೊಂಡು ಜೋರು ಮಾಡಿದರೆ ಮುರಿಯುತ್ತೆ.

ಆಯಿಲ್ 4.6 ಲೀಟರ್, 502.00 ಸ್ಪೆಸಿಫಿಕೇಷನ್. ಸಾವಿರ ಕಿ.ಮೀ.ಗೆ ಅರ್ಧ ಲೀಟರ್ ಕುಡೀತಿದ್ದರೆ ಮೊದಲು ಪಿಸಿವಿ (ಎಂಜಿನ್ ಒಳಗಿನ ಗಾಳಿ ಹೊರಬಿಡೋ ವಾಲ್ವ್) ನೋಡಿ: ಐಡಲಲ್ಲಿ ಆಯಿಲ್ ಮುಚ್ಚಳ ತೆಗೆಯೋಕೆ ಹೋದಾಗ ಬಲವಾಗಿ ಒಳಗೆ ಎಳೆದು ಹಿಡಿದರೆ ಡಯಾಫ್ರಮ್ ಹರಿದಿದೆ. ಪಿಸಿವಿ ಸರಿ ಇದ್ದೂ ಕುಡಿದರೆ ಪಿಸ್ಟನ್ ರಿಂಗ್, ಅದು ದೊಡ್ಡ ಬಿಲ್ಲು.

---

ಹಳೇಟರ್ಬೊ:

ಚೈನ್ ಕಿಟ್ ಮಾಡಿಸೋದು ಖಾತ್ರಿ. ರೀಮ್ಯಾಪ್ ವಿಷಯ? ಮತ್ತೆ ಇ20 (20% ಎಥನಾಲ್ ಬೆರೆತ) ಪೆಟ್ರೋಲ್ ಹಾಕಿದರೆ ಕ್ಲೈಮ್ ಸಿಗಲ್ಲ ಅಂತ ವಾಟ್ಸ್ಆ್ಯಪಲ್ಲಿ ಓಡಾಡ್ತಿದೆಯಲ್ಲ?

---

ಪಾಲಿಸಿಪುಟ:

ಇ20 ಬಗ್ಗೆ ಪೆಟ್ರೋಲಿಯಂ ಸಚಿವಾಲಯ 2025ರ ಆಗಸ್ಟ್‌ನಲ್ಲೇ ಸ್ಪಷ್ಟನೆ ಕೊಟ್ಟಿದೆ: ಅದರಿಂದ ವಿಮೆಗೆ ಧಕ್ಕೆ ಇಲ್ಲ. ಹಳೆ ಹೋಸು, ಸೀಲು ಗಟ್ಟಿಯಾಗಿ ಸೋರಿದರೆ ಅದು ಸವೆತ, ಇ20 ಇದ್ದರೂ ಇಲ್ಲದಿದ್ದರೂ ಯಾರೂ ಕೊಡಲ್ಲ. ವರ್ಷಕ್ಕೊಮ್ಮೆ ಲೋ ಪ್ರೆಷರ್ ಫ್ಯುಯೆಲ್ ಲೈನ್ ನೋಡಿಸಿ, ಸಾಕು.

ರೀಮ್ಯಾಪ್ ಮಾಡಿಸಿದರೆ ಬರಹದಲ್ಲಿ ತಿಳಿಸಲೇಬೇಕು. ಪ್ರೀಮಿಯಂ ಏರಿಸುತ್ತಾರೋ, ಬೇಡ ಅನ್ನುತ್ತಾರೋ, ಉತ್ತರ ಕೈಯಲ್ಲಿರಲಿ. ಮುಚ್ಚಿಟ್ಟರೆ ದೊಡ್ಡ ಕ್ಲೈಮ್ ಬಂದ ದಿನ ತನಿಖಾಧಿಕಾರಿ ಇಸಿಯು (ಎಂಜಿನ್ ಕಂಪ್ಯೂಟರ್) ಓದಿಸಬಹುದು, ಗ್ಯಾರೇಜಿನ ಇನ್‌ಸ್ಟಾಗ್ರಾಂ ಪುಟದಲ್ಲಿ ನಿಮ್ಮ ನಂಬರ್ ಪ್ಲೇಟ್ ಸಮೇತ ಡೈನೊ ವಿಡಿಯೋ ಹುಡುಕಲೂಬಹುದು. ನನ್ನ ಅಭಿಪ್ರಾಯ ಕೇಳಿದರೆ, ಐಡಿವಿ ಏರಿಸಲು ಶಾಖೆಗೆ ಹೋಗುವ ವರ್ಷವೇ ರೀಮ್ಯಾಪ್ ತಂದು ಆ ಮಾತುಕತೆ ಕೆಡಿಸಿಕೊಳ್ಳಬೇಡಿ. ಮೂಲ 160 ಪಿಎಸ್ ಸಾಲದು ಅನ್ನಿಸಲು ಕಾರಣ ಅರ್ಧ ಕಾರ್ಬನ್, ಅರ್ಧ ಹಳೆ ಪ್ಲಗ್ ಇರಬಹುದು. ಹೊರಗಿನ ವೀಲ್, ಬ್ರೇಕ್ ಹಾಕಿಸಿದ್ದರೆ ಆಕ್ಸೆಸರಿ ಅಂತ ಬಿಲ್ ಸಮೇತ ಸೇರಿಸಿ, ಅವುಗಳ ಬೆಲೆಗೂ ಗಾಡಿಯ ಓನ್ ಡ್ಯಾಮೇಜ್ ದರದಲ್ಲೇ ಪ್ರೀಮಿಯಂ; 4% ದರ ಎಲೆಕ್ಟ್ರಿಕಲ್ ಆಕ್ಸೆಸರಿಗೆ.

ಬರೀ ಥರ್ಡ್ ಪಾರ್ಟಿ ಅಂದಿರಲ್ಲ: 1500 ಸಿಸಿ ಮೇಲಿನ ಕಾರಿಗೆ 2022ರ ಜೂನ್ 1ರಂದು ಬಂದ ದರ 7,897, ಜಿಎಸ್‌ಟಿ ಬೇರೆ. ಈ ಮೊತ್ತ ಹೇಗೂ ತಪ್ಪಿದ್ದಲ್ಲ. ಅದರ ಮೇಲೆ ಓನ್ ಡ್ಯಾಮೇಜ್‌ಗೆ ಕೊಡುವ ಹೆಚ್ಚುವರಿ ಮಾತ್ರ ನಿಮ್ಮ ಆಯ್ಕೆ. ಅದೂ ಭಾರ ಅನ್ನಿಸಿದರೆ ಶಾಖೆಯಲ್ಲಿ ‘ಥರ್ಡ್ ಪಾರ್ಟಿ ಜೊತೆ ಬೆಂಕಿ ಮತ್ತು ಕಳವು’ ಕೇಳಿ. ವೆಬ್‌ಸೈಟಲ್ಲಿ ಸಾಮಾನ್ಯವಾಗಿ ಕಾಣಲ್ಲ. ಪಾಲಿಸಿ ತಪ್ಪಿ ಹೋದರೆ 90 ದಿನದೊಳಗೆ ನವೀಕರಿಸಿ, ಇಲ್ಲದಿದ್ದರೆ 50% ಎನ್‌ಸಿಬಿ ಸೊನ್ನೆ.

---

ಸರ್ವೇಶೀಟ್:

ಎರಡು ಬಿಟ್ಟುಹೋಗಿದೆ.

ಅಂಡರ್‌ಪಾಸ್ ನೀರು. ಈ ವಯಸ್ಸಿಗೆ ಎಂಜಿನ್ ಪ್ರೊಟೆಕ್ಟ್ (ನೀರು ನುಗ್ಗಿ ಎಂಜಿನ್ ಕೆಟ್ಟರೆ ಹಣ ಕೊಡೋ ಹೆಚ್ಚುವರಿ ಕವರ್) ಸಿಗೋದು ಅಪರೂಪ. ನೀರಲ್ಲಿ ಎಂಜಿನ್ ನಿಂತರೆ ಮತ್ತೆ ಸೆಲ್ಫ್ ಹೊಡೀಬೇಡಿ. ನೀರು ಒತ್ತಿದರೆ ಕುಗ್ಗಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತೆ, ಅದನ್ನ ‘ನಂತರದ ಹಾನಿ’ ಅಂತ ಕ್ಲೈಮಿಂದ ಹೊರಗಿಡ್ತಾರೆ. ಟೋ ಮಾಡಿಸಿ, ನಾಲ್ಕೂ ಪ್ಲಗ್ ತೆಗೆಸಿ, ಕೈಯಲ್ಲಿ ಕ್ರ್ಯಾಂಕ್ ತಿರುಗಿಸಿ ನೀರು ಹೊರಬಂದ ಮೇಲೇ ಮುಂದಿನ ಮಾತು.

ಇನ್ನೊಂದು, 2027. ಹದಿನೈದು ವರ್ಷದ ಆರ್‌ಸಿ ಆಗ ಮುಗಿಯುತ್ತೆ. ಅವಧಿ ಮುಗಿಯಲು 60 ದಿನ ಇರುವಾಗ ಫಾರ್ಮ್ 25 ಹಾಕಿ, ನವೀಕರಣ ಶುಲ್ಕ 5,000, ಹಸಿರು ತೆರಿಗೆ ಬೇರೆ. ತಡವಾದರೆ ತಿಂಗಳಿಗೆ 500 ದಂಡ. ದಂಡ ಹೋಗಲಿ, ನೋಂದಣಿ ಮುಗಿದ ಗಾಡಿ ರಸ್ತೆ ಮೇಲಿದ್ದಾಗ ಏನಾದರೂ ಆದರೆ ಕ್ಲೈಮೇ ಹೋಗಬಹುದು. 2021ರಲ್ಲಿ ಸುಪ್ರೀಂ ಕೋರ್ಟ್, ತಾತ್ಕಾಲಿಕ ನೋಂದಣಿ ಮುಗಿದಿದ್ದ ಕಾರು ಕಳವಾದ ಪ್ರಕರಣದಲ್ಲಿ ವಿಮಾ ಕಂಪನಿಯ ಪರವೇ ತೀರ್ಪು ಕೊಟ್ಟಿದೆ.

ಹಾಂ, ಕಳವು ಅಂದ ಮೇಲೆ: ಎರಡೂ ಒರಿಜಿನಲ್ ಕೀ ನಿಮ್ಮ ಹತ್ತಿರ ಇದೆಯಾ? ಕಳವಿನ ಕ್ಲೈಮಲ್ಲಿ ಎರಡನ್ನೂ ಕೇಳ್ತಾರೆ. ಹಿಂದಿನ ಮಾಲೀಕರು ಒಂದೇ ಕೊಟ್ಟಿದ್ದರೆ ಅದನ್ನ ಈಗಲೇ ಕಂಪನಿಗೆ ಇಮೇಲಲ್ಲಿ ತಿಳಿಸಿ, ಇಮ್ಮೊಬಿಲೈಸರ್‌ಗೆ ಎರಡನೇ ಕೀ ಕೋಡ್ ಮಾಡಿಸಿ, ಅದರ ಬಿಲ್ ಪಾಲಿಸಿ ಜೊತೆ ಇಟ್ಟುಕೊಳ್ಳಿ.