ಪಿಕ್ನಿಕ್ಕಿಗೆ ಮನೆ ಕೇಕು, ಬಿಸ್ಕತ್ತು: ಚೆಂದಾಗಿ ಕಟ್ಟೋದು ಹೇಗೆ?

ಪ್ರಶ್ನೆ, ಮುಲುಂಡ್‌ನಿಂದ:
ಮುಂದಿನ ಭಾನುವಾರ ನಮ್ಮ ಬಿಲ್ಡಿಂಗಿನ ಕನ್ನಡದವರೆಲ್ಲ ಬೊರಿವಲಿ ನ್ಯಾಷನಲ್ ಪಾರ್ಕಿಗೆ ಬುತ್ತಿ ಕಟ್ಟಿಕೊಂಡು ಹೊರಟಿದ್ದೇವೆ. ಒಟ್ಟು 25 ಜನ. ಚಪಾತಿ, ಚಿತ್ರಾನ್ನ ಬೇರೆಯವರ ಪಾಲು. ನನ್ನ ಪಾಲಿಗೆ ಟೂಟಿ ಫ್ರೂಟಿ ಹಾಕಿದ ರವೆ ಕೇಕು, ನಾನ್‌ಖಟಾಯಿ, ಖಾರಾ ಬಿಸ್ಕತ್ತು. ಮಾಡೋದು ಕಷ್ಟವಲ್ಲ. ಆದರೆ ಸ್ಟೀಲ್ ಡಬ್ಬಿಗೆ ಸುರಿದುಕೊಂಡು ಹೋದರೆ ನೋಡೋಕೆ ಏನೂ ಇರಲ್ಲ. ಅಂಗಡಿಯ ಚೆಂದದ ಬಾಕ್ಸುಗಳು ದುಬಾರಿ. ಮಾಡಿ ನೋಡಿದವರು ಹೇಳಿ.

ಮಾಟುಂಗದಿಂದ:
ಅಕ್ಕಾ, ಮೊದಲು ದಾರಿ ನೋಡಿ, ರಿಬ್ಬನ್ ಆಮೇಲೆ. ಲೋಕಲ್‌ನಲ್ಲಿ ಹೋಗೋದಾದರೆ ದಾದರ್‌ನಲ್ಲಿ ಇಳಿದು, ಬ್ರಿಜ್ ಹತ್ತಿ ವೆಸ್ಟರ್ನ್ ಲೈನ್ ಹಿಡಿಯಬೇಕು. ಭಾನುವಾರ ಹಳಿ ರಿಪೇರಿಗೆ ಅಂತ ರೈಲು ಕಡಿಮೆ ಮಾಡೋ ಮೆಗಾಬ್ಲಾಕ್ ಬೇರೆ ಇರುತ್ತೆ. ಆ ನೂಕುನುಗ್ಗಲಲ್ಲಿ ರಟ್ಟಿನ ಬಾಕ್ಸು ಅಪ್ಪಚ್ಚಿ ಆಗೋದು ಗ್ಯಾರಂಟಿ. ಒಳಗೆ ಚಿಕ್ಕ ಚಿಕ್ಕ ಪೊಟ್ಟಣ ಮಾಡಿ, ಹೊರಗೆ ನಿಮ್ಮ ಅದೇ ಸ್ಟೀಲ್ ಡಬ್ಬಿ ಇರಲಿ. ಪಾರ್ಕಿನಲ್ಲಿ ಕೂತ ಮೇಲೆ ಪೊಟ್ಟಣಗಳನ್ನು ತೆಗೆದು ಜೋಡಿಸಿ.

ನಾನ್‌ಖಟಾಯಿ ಮುಟ್ಟಿದರೆ ಉದುರುವ ಸಾಮಾನು. ಅದಕ್ಕೇ ಜಾಸ್ತಿ ಜೋಪಾನ. ನಾನು ಬಟರ್ ಪೇಪರ್ ಹಾಸಿ, ಅದರ ಮೇಲೆ ನಾಲ್ಕನ್ನು ಸಾಲಾಗಿ, ಒಂದಕ್ಕೊಂದು ಒತ್ತಿಕೊಂಡಿರುವಂತೆ ಅಡ್ಡ ನಿಲ್ಲಿಸುತ್ತೇನೆ. ಬಿಗಿಯಾಗಿ ಸುರುಳಿ ಸುತ್ತಿ, ಎರಡೂ ತುದಿಯನ್ನು ಪೆಪ್ಪರ್‌ಮಿಂಟಿನ ಕಾಗದದ ಹಾಗೆ ತಿರುಚಿ, ದಾರ ಕಟ್ಟುತ್ತೇನೆ. ನಡುವೆ ಜಾಗ ಬಿಟ್ಟರೆ ಮಾತ್ರ ಅಲುಗಾಡಿ ಪುಡಿಯಾಗುತ್ತೆ. ಕಾಗದದೊಳಗಿಂದ ಹೊಂಬಣ್ಣದ ಅಂಚು ಮಸುಕಾಗಿ ಕಾಣುತ್ತಲ್ಲ, ಅಷ್ಟು ಅಲಂಕಾರ ಸಾಕು. ಸ್ಟಿಕ್ಕರ್, ಗ್ಲಿಟರ್ ಎಲ್ಲ ಸುಮ್ನೆ ಖರ್ಚು.

ಖಾರಾ ಬಿಸ್ಕತ್ತಿಗೆ ಕಂದು ಕಾಗದದ ಕೋನ್. ಕಡಲೆಕಾಯಿ ಕೊಡ್ತಾರಲ್ಲ, ಅದೇ ಆಕಾರ. ಒಳಗೆ ಬಟರ್ ಪೇಪರ್ ಹಾಕಲೇಬೇಕು. ಇಲ್ಲದಿದ್ದರೆ ಸ್ವಲ್ಪ ಹೊತ್ತಿಗೇ ಬೆಣ್ಣೆ ಹೊರಗೆ ಕಪ್ಪು ಕಲೆಯಾಗಿ ಮೂಡುತ್ತೆ. ಹಳೇ ಪೇಪರ್ ಬೇಡ, ಮುದ್ರಣದ ಶಾಯಿ ತಿಂಡಿಗೆ ಹತ್ತುತ್ತೆ. ಆಹಾರ ಸುರಕ್ಷತೆಯ ನಿಯಮವೂ ಅದನ್ನು ಬೇಡ ಅನ್ನುತ್ತೆ.

ಕೇಕನ್ನು ಹಿಂದಿನ ರಾತ್ರಿಯೇ ಬೇಯಿಸಿ, ಬೆಳಗ್ಗೆ ಕತ್ತರಿಸಿ. ಬೆಚ್ಚಗಿರುವಾಗಲೇ ಮುಚ್ಚಿದರೆ ಹಬೆ ಮುಚ್ಚಳಕ್ಕೆ ಹತ್ತಿ, ನೀರಾಗಿ ಕೆಳಗೆ ತೊಟ್ಟಿಕ್ಕುತ್ತೆ. ಪ್ರತಿ ತುಂಡಿನ ಸುತ್ತ ಒಂದು ಪಟ್ಟಿ ಕಾಗದ ಸುತ್ತಿ, ಮೇಲ್ಭಾಗ ತೆರೆದಿಡಿ. ಕೆಂಪು, ಹಸಿರು ಟೂಟಿ ಫ್ರೂಟಿ ಕಾಣಲಿ. ಕೈಗೂ ಅಂಟಲ್ಲ. ಇನ್ನೊಂದು ಮಾತು, ಕೇಕು, ಬಿಸ್ಕತ್ತು ಒಂದೇ ಡಬ್ಬಿಯಲ್ಲಿ ಬೇಡ. ಕೇಕಿನ ತೇವ ಎಳೆದುಕೊಂಡು ಬಿಸ್ಕತ್ತು ಮೆತ್ತಗಾಗುತ್ತೆ. ಮುಂಬೈ ಗಾಳಿಯೇ ಸಾಲದಾ!

ಪುಣೆಯ ಕೊತ್ರೂಡ್‌ನಿಂದ:
ಮೇಲಿನವರು ಹೇಳಿದ್ದು ಸರಿ, ಆದರೆ ಬರೀ ಸ್ಟೀಲ್ ಡಬ್ಬಿ ಅಂದರೆ ಸ್ವಲ್ಪ ಸಪ್ಪೆ ಅಲ್ವಾ? ಅದನ್ನೇ ಗುಳೇದಗುಡ್ಡದ ಖಣದ, ಅಂದರೆ ರವಿಕೆ ಬಟ್ಟೆಯ, ತುಂಡಿನಲ್ಲಿ ಗಂಟು ಕಟ್ಟಿ. ನಮ್ಮ ಕಡೆ ಬುತ್ತಿ ಕಟ್ಟೋ ಹಾಗೆ, ಎದುರುಬದುರು ಮೂಲೆ ಸೇರಿಸಿ ಎರಡು ಗಂಟು ಹಾಕಿದರಾಯಿತು. ಹಿಡಿದುಕೊಳ್ಳೋಕೂ ಅನುಕೂಲ. ಬಿಚ್ಚಿದ ಮೇಲೆ ಅದನ್ನೇ ಹಾಸಿ ಪೊಟ್ಟಣ ಜೋಡಿಸಿ, ಫೋಟೋ ತೆಗೆಯೋಕೆ ಜನ ಮುಗಿಬೀಳ್ತಾರೆ. ಖಣ ಇಲ್ಲದಿದ್ದರೆ ಹಳೇ ಇಳಕಲ್ ಸೀರೆಯ ಸೆರಗು.

ಮಿರಿಮಿರಿ ಪ್ಲಾಸ್ಟಿಕ್ ಹಾಳೆ ಸುತ್ತೋಕೆ ಹೋಗಬೇಡಿ. ಸಿಹಿ ಡಬ್ಬಿಯ ಮೇಲೆ ಸುತ್ತುವ ಆ ಹಾಳೆ, ಪ್ಲಾಸ್ಟಿಕ್ ತಟ್ಟೆ, ಚಮಚ ಎಲ್ಲ 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧ. ಮಹಾರಾಷ್ಟ್ರದಲ್ಲಂತೂ 2018ರಿಂದಲೇ ಪ್ಲಾಸ್ಟಿಕ್ಕಿನ ಮೇಲೆ ಕಣ್ಣಿದೆ. ಕಾಗದ, ದಾರಕ್ಕೆ ನಮಗೆ ರವಿವಾರ ಪೇಟೆಯ ಬೋಹ್ರಿ ಆಳಿ ಇದೆ. ನಿಮಗೆ ಕ್ರಾಫರ್ಡ್ ಮಾರ್ಕೆಟ್ ಸುತ್ತಲಿನ ಗಲ್ಲಿಗಳು.

ವಾಸ್ಕೋದಿಂದ:
ನಮ್ಮದು ಬೀಚ್ ಪಿಕ್ನಿಕ್, ಮರಳು, ಬಿಸಿಲು ಎರಡೂ ಕಾಟ. ಒಂದೇ ಮಾತು ಹೇಳ್ತೀನಿ: ಕೇಕಿನ ಮೇಲೆ ಬೆಣ್ಣೆ ಐಸಿಂಗ್ ಬೇಡ. ಬೆಣ್ಣೆ 32ರಿಂದ 35 ಡಿಗ್ರಿಗೆಲ್ಲ ಕರಗುತ್ತೆ. ಚಾಕೊಲೇಟೂ ಹೆಚ್ಚುಕಡಿಮೆ ಹಾಗೇ.

ಮುಲುಂಡ್‌ನಿಂದ ಮತ್ತೆ:
ಎಲ್ಲರಿಗೂ ಥ್ಯಾಂಕ್ಸ್. ಖಣ ಅಮ್ಮನ ಟ್ರಂಕಿನಲ್ಲಿ ಸಿಕ್ಕಿತು! ಇನ್ನೆರಡು ಅನುಮಾನ. ಅರ್ಧ ಕೇಕಿಗೆ ಮೊಟ್ಟೆ ಹಾಕ್ತೀನಿ, ಇನ್ನರ್ಧಕ್ಕಿಲ್ಲ. ಹೇಗೆ ಗುರುತು ಹಾಕೋದು? ಮತ್ತೆ ಪಾರ್ಕಿನಲ್ಲಿ ಮಂಗಗಳ ಕಾಟ ಇದೆಯಂತೆ?

ಮಾಟುಂಗದಿಂದ:
ಮೊಟ್ಟೆ ಇಲ್ಲದ್ದಕ್ಕೆ ಹಸಿರು ದಾರ, ಇರೋದಕ್ಕೆ ಕೆಂಪು ದಾರ. ಡಬ್ಬಿಗಳೂ ಬೇರೆ ಬೇರೆ. ಬಾಯಲ್ಲೂ ಹೇಳಿಬಿಡಿ, ಮಡಿಯ ಅಜ್ಜಿಯರು ದಾರ ನೋಡಲ್ಲ. ಮಂಗಗಳು ಇವೆ. ಡಬ್ಬಿ ಮುಚ್ಚಳಕ್ಕೆ ಕ್ಲಿಪ್ ಇರಲಿ, ಬೇಕಾದಷ್ಟೇ ಹೊರಗೆ ತೆಗೆಯಿರಿ, ಮಕ್ಕಳು ಅವಕ್ಕೆ ಬಿಸ್ಕತ್ತು ಕೊಡದ ಹಾಗೆ ನೋಡಿಕೊಳ್ಳಿ. ಬಿಚ್ಚಿದ ಕಾಗದ ತುಂಬಿಕೊಂಡು ಬರೋಕೆ ಒಂದು ಖಾಲಿ ಬಟ್ಟೆ ಚೀಲ ಮರೀಬೇಡಿ.